ಬರೀ ಕೇಳಿಸಿಕೊಳ್ಳುವ ಈಥರ್ನೆಟ್ ಟ್ಯಾಪ್ ಕಟ್ಟುವ ಬಗೆ

ನೆಟ್‌ವರ್ಕ್ ಗಮನಿಸುವ ಕಂಪ್ಯೂಟರ್ ಆ ನೆಟ್‌ವರ್ಕ್‌ಗೆ ಒಂದು ಬಿಟ್ಟನ್ನೂ ಕಳಿಸಬಾರದು. ಐಪಿ ವಿಳಾಸ ಕೊಡದಿದ್ದರೆ ಸಾಕೆಂದು ಬಹಳ ಜನ ನಂಬಿದ್ದಾರೆ. ಸಾಲದು: ನೆಟ್‌ವರ್ಕ್ ಕಾರ್ಡ್ ಚಾಲೂ ಆದೊಡನೆ ಐಪಿವಿ6 (ಐಪಿಯ ಹೊಸ ಆವೃತ್ತಿ) ತಾನಾಗಿಯೇ ರೂಟರ್ ಹುಡುಕಲು ಪ್ಯಾಕೆಟ್ ಬಿಡುತ್ತದೆ. ಕಳಿಸುವ ತಂತಿಯೇ ಇಲ್ಲದಿದ್ದರೆ ಆ ಚಿಂತೆಯಿಲ್ಲ. ಹಾಗೆ ಲೈನಿನ ಸಂಕೇತವನ್ನು ಕವಲಾಗಿ ಪಡೆಯುವ ಸಾಧನವೇ ಟ್ಯಾಪ್.

100 ಎಂಬಿಪಿಎಸ್ ಈಥರ್ನೆಟ್‌ನಲ್ಲಿ ಕಂಪ್ಯೂಟರ್ ಕಳಿಸುವುದು 1, 2ನೇ ಪಿನ್‌ನಲ್ಲಿ, ಪಡೆಯುವುದು 3, 6ರಲ್ಲಿ. ಹಾಗೆಂದು 1, 2 ಕತ್ತರಿಸಿದ ಕೇಬಲ್ಲನ್ನು ನೇರವಾಗಿ ನೆಟ್‌ವರ್ಕ್ ಸ್ವಿಚ್‌ಗೆ ಹಾಕಬೇಡಿ. ಎದುರಿನಿಂದ ಸಂಕೇತ ಬಾರದೆ ಸ್ವಿಚ್‌ನ ಪೋರ್ಟ್ ಲಿಂಕ್ ಕಟ್ಟುವುದಿಲ್ಲ, ಪ್ಯಾಕೆಟ್ಟೂ ಬರುವುದಿಲ್ಲ. ಓಡುತ್ತಿರುವ ಎರಡು ಸಾಧನಗಳ ನಡುವೆ ಟ್ಯಾಪ್ ಇಡಿ. ಲಿಂಕನ್ನು ಅವೇ ಹಿಡಿದಿಟ್ಟುಕೊಳ್ಳುತ್ತವೆ.

ನಾಲ್ಕು ಆರ್‌ಜೆ45 ಜಾಕ್, ಸ್ವಲ್ಪ ಕ್ಯಾಟ್5ಇ ತಂತಿ, ಪಂಚ್‌ಡೌನ್ ಟೂಲ್ (ತಂತಿಯನ್ನು ಜಾಕಿಗೆ ಒತ್ತಿ ಕೂರಿಸುವ ಸಾಧನ), ಮಲ್ಟಿಮೀಟರ್ ಬೇಕು. ಕಂಪ್ಯೂಟರಿನಲ್ಲಿ ಎರಡು ನೆಟ್‌ವರ್ಕ್ ಕಾರ್ಡ್ ಇರಬೇಕು. ಮೊದಲ ಎರಡು ಜಾಕ್‌ಗಳ 1, 2, 3, 6ನ್ನು ನೇರವಾಗಿ ಜೋಡಿಸಿ. ಈ ದಾರಿಯ 1, 2ರಿಂದ ಕವಲು ತೆಗೆದು ಮೂರನೆಯ ಜಾಕಿನ 3, 6ಕ್ಕೆ ಕೊಡಿ. ದಾರಿಯ 3, 6ರ ಕವಲು ನಾಲ್ಕನೆಯದರ 3, 6ಕ್ಕೆ. ಈ ಎರಡು ಜಾಕ್‌ಗಳ 1, 2 ಖಾಲಿ. ಅವುಗಳಿಂದ ಎಲ್ಲಿಗೂ ಸಂಪರ್ಕವಿಲ್ಲವೆಂದು ಮಲ್ಟಿಮೀಟರಿನಲ್ಲಿ ಪರೀಕ್ಷಿಸಿಯೇ ಮುಂದುವರಿಯಿರಿ.

ತಂತಿ ಜೋಡಿಯ ಹೆಣಿಗೆಯನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬೇಡಿ. ಕವಲೂ ಅದರ ಮುಂದಿನ ಕೇಬಲ್ಲೂ ಆದಷ್ಟು ಚಿಕ್ಕದಿರಲಿ: ಉದ್ದವಾದಷ್ಟೂ ಸಂಕೇತ ತುದಿಯಿಂದ ಮರಳಿ ಬಂದು ಮೂಲ ಲೈನಿನಲ್ಲೇ ಸಿಆರ್‌ಸಿ ದೋಷ (ಪ್ಯಾಕೆಟ್ ಕೆಟ್ಟಿದೆಯೆಂದು ತಪಾಸಣೆಯಲ್ಲಿ ಸಿಗುವ ದೋಷ) ಏಳುತ್ತದೆ. ಪಿಒಇ, ಅಂದರೆ ನೆಟ್‌ವರ್ಕ್ ಕೇಬಲ್ಲಿನಲ್ಲೇ ಸಾಧನಕ್ಕೆ ಕೊಡುವ ವಿದ್ಯುತ್, ಹರಿಯುವ ಲೈನಿಗೆ ಇದನ್ನು ಹಾಕಲೇಬೇಡಿ.

ಎರಡೂ ತುದಿಯ ಸಾಧನಗಳನ್ನು 100 ಎಂಬಿಪಿಎಸ್, ಫುಲ್ ಡುಪ್ಲೆಕ್ಸ್‌ಗೆ (ಏಕಕಾಲಕ್ಕೆ ಎರಡೂ ಕಡೆ ಸಂಚಾರ) ಕಟ್ಟಿಹಾಕಿ. ಒಂದನ್ನು ಮಾತ್ರ ಕಟ್ಟಿ ಇನ್ನೊಂದನ್ನು ಆಟೋದಲ್ಲಿ (ವೇಗವನ್ನು ತಾನೇ ಹೊಂದಿಸಿಕೊಳ್ಳುವ ಸ್ಥಿತಿ) ಬಿಟ್ಟರೆ ಅದು ಹಾಫ್ ಡುಪ್ಲೆಕ್ಸ್‌ಗೆ (ಒಮ್ಮೆಗೆ ಒಂದೇ ಕಡೆ) ಇಳಿದು ಲೈನ್ ಕುಂಟುತ್ತದೆ. ಎರಡನ್ನೂ ಆಟೋದಲ್ಲಿ ಬಿಟ್ಟರೆ ಗಿಗಾಬಿಟ್‌ಗೆ ಒಪ್ಪಿಕೊಂಡು, ಅದಕ್ಕೆ ಬೇಕಾದ ನಾಲ್ಕು ಜೋಡಿ ತಂತಿ ಸಿಗದೆ ಲಿಂಕೇ ಬೀಳಬಹುದು.

ಗಮನಿಸುವ ಕಾರ್ಡ್‌ಗಳಲ್ಲೂ ಲಿನಕ್ಸ್‌ನ ಇಥ್‌ಟೂಲ್ ಆದೇಶದಿಂದ ಇದೇ ವೇಗ ಹಾಕಿ, ಆಟೋನೆಗ್ ಮತ್ತು ಎಂಡಿಐ‌ಎಕ್ಸ್ ಎರಡನ್ನೂ ಆಫ್ ಮಾಡಿ. ಲಿಂಕ್ ದೀಪ ಹತ್ತದಿದ್ದರೆ ಮೊದಲ ಗುಮಾನಿ ಎಂಡಿಐ‌ಎಕ್ಸ್ ಮೇಲೇ ಇರಲಿ. ಅದು ಜೋಡಿ ಅದಲುಬದಲು ಮಾಡಿ ಖಾಲಿ ಪಿನ್‌ನಲ್ಲಿ ಕಿವಿಯಿಟ್ಟು ಕೂರುತ್ತದೆ. ಪ್ರಾಮಿಸ್ಕ್ಯುಯಸ್ ಮೋಡ್ (ತನಗಲ್ಲದ ಪ್ಯಾಕೆಟ್ಟನ್ನೂ ಪಡೆಯುವ ಸ್ಥಿತಿ) ಹಾಕಿ, ಐಪಿವಿ6, ಎಆರ್‌ಪಿ (ಐಪಿ ವಿಳಾಸದಿಂದ ಕಾರ್ಡಿನ ವಿಳಾಸ ಹುಡುಕುವ ವಿಧಾನ) ನಿಲ್ಲಿಸಿ. ಜಿಆರ್‌ಒ, ಎಲ್‌ಆರ್‌ಒ ಸೌಲಭ್ಯಗಳನ್ನೂ ಆಫ್ ಮಾಡಿ. ಇಲ್ಲದಿದ್ದರೆ ಕರ್ನಲ್ ಅಥವಾ ಕಾರ್ಡ್ ಪ್ಯಾಕೆಟ್‌ಗಳನ್ನು ಒಟ್ಟುಗೂಡಿಸಿ, 1514 ಬೈಟ್ ಮೀರಬಾರದ ಫ್ರೇಮ್ ಹಲವು ಸಾವಿರ ಬೈಟ್‌ನದಾಗಿ ಕಾಣುತ್ತದೆ.

ಒಂದೊಂದು ಕಾರ್ಡ್‌ಗೆ ಒಂದೊಂದೇ ದಿಕ್ಕು ಸಿಗುತ್ತದೆ. ಪ್ರಶ್ನೆ ಕಂಡು ಉತ್ತರ ಕಾಣದಿದ್ದರೆ ಎರಡನೆಯ ಕಾರ್ಡ್ ನೋಡಿ. ಎರಡರಲ್ಲೂ ಪ್ಯಾಕೆಟ್ ದಾಖಲಿಸುವ ಟಿಸಿಪಿಡಂಪ್ ಓಡಿಸಿ, ಕಡತಗಳನ್ನು ಮರ್ಜ್‌ಕ್ಯಾಪ್‌ನಿಂದ ಸಮಯದ ಕ್ರಮದಲ್ಲಿ ಸೇರಿಸಿ.

ಗಿಗಾಬಿಟ್ ತಾಮ್ರದಲ್ಲಿ ನಾಲ್ಕೂ ಜೋಡಿಗಳು ಏಕಕಾಲಕ್ಕೆ ಎರಡೂ ಕಡೆ ಮಾತಾಡುವುದರಿಂದ ಈ ಟ್ಯಾಪ್ ನಡೆಯದು. ವೇಗ ಇಳಿಸಲಾಗದಿದ್ದರೆ ಆ ಭಾಗವನ್ನು ಫೈಬರ್ ಮಾಡಿ ಆಪ್ಟಿಕಲ್ ಸ್ಪ್ಲಿಟರ್ (ಬೆಳಕನ್ನು ಎರಡಾಗಿ ಸೀಳುವ ಸಾಧನ) ಹಾಕಬೇಕು. 50:50 ಸ್ಪ್ಲಿಟರ್ ಕನಿಷ್ಠ 3 ಡೆಸಿಬೆಲ್ (ಅಂದರೆ ಅರ್ಧದಷ್ಟು) ಬೆಳಕು ತಿನ್ನುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದೇ ಟ್ರಾನ್ಸ್‌ಸೀವರ್ (ಬೆಳಕಿನ ಸಂಕೇತ ಕಳಿಸಿ ಪಡೆಯುವ ಘಟಕ) ಆಯ್ದುಕೊಳ್ಳಿ.