ಮಿರರ್ ಆರ್ಕಿಡ್ ಸಿಗಲು ಎರಡು ಮಾರ್ಚ್ ಬೇಕಾಯಿತು

ನಾನು ಮಲೆನಾಡಿನವನು. ನನಗೆ ಆರ್ಕಿಡ್ ಅಂದರೆ ಸೀತಾಳೆ ದಂಡೆ, ಕತ್ತೆತ್ತಿ ಮರ ನೋಡಬೇಕು. ಲಿಸ್ಬನ್‌ಗೆ ಕೆಲಸಕ್ಕೆ ಬಂದ ಮೇಲೆ ಅದು ತಲೆಕೆಳಗಾಯಿತು. ಇಲ್ಲಿನ ಕಾಡು ಆರ್ಕಿಡ್‌ಗಳು ನೆಲದಲ್ಲೇ ಬೆಳೆಯುತ್ತವೆ.

ಮೊದಲ ವರ್ಷ ಎಡವಿದ್ದು ಜಾಗದಲ್ಲಿ. ಮಿರರ್ ಆರ್ಕಿಡ್, ಅಂದರೆ ಓಫ್ರಿಸ್ ಸ್ಪೆಕ್ಯುಲಮ್, ಪೋರ್ಚುಗಲ್‌ನ ದಕ್ಷಿಣ ತುದಿಯ ಅಲ್ಗಾರ್ವ್‌ನಲ್ಲಿ ಸಿಗುತ್ತದೆ ಅಂತ ಓದಿದ್ದೇ ತಡ, ಸೀದಾ ಅಲ್ಲಿನ ಬೆಟ್ಟ ಹತ್ತಿದೆ. ಎತ್ತ ನೋಡಿದರೂ ಅಂಟಂಟು ಎಲೆಯ, ದೊಡ್ಡ ಬಿಳಿ ಹೂವಿನ ಸಿಸ್ಟಸ್ ಪೊದೆ. ಇಡೀ ದಿನ ಅಲೆದರೂ ಒಂದೂ ಕಾಣಲಿಲ್ಲ. ಆಮೇಲೆ ಗೊತ್ತಾಯಿತು, ಆ ಪೊದೆ ಇದೆ ಅಂದರೆ ಅಡಿಯಲ್ಲಿ ಶಿಸ್ಟ್ ಕಲ್ಲು, ಹುಳಿ ಮಣ್ಣು. ನನ್ನ ಹೂವಿಗೆ ಬೇಕಾದದ್ದು ಸುಣ್ಣಕಲ್ಲು!

ಮರುವರ್ಷ ಹೆಂಡತಿಯನ್ನೂ ಕರೆದುಕೊಂಡು, ಬೆಟ್ಟಕ್ಕೂ ಕಡಲಿಗೂ ನಡುವಿನ ಬರೋಕಾಲ್ ಎಂಬ ಸುಣ್ಣಕಲ್ಲಿನ ಪಟ್ಟಿಗೆ, ಅಲ್ಲಿನ 479 ಮೀಟರ್ ಎತ್ತರದ ರೋಶಾ ದ ಪೆನಾ ಗುಡ್ಡಕ್ಕೆ ಹೋದೆ. ಕೆಂಪು ಮಣ್ಣು, ಪಾಳು ಬಿದ್ದ ಆಲಿವ್ ತೋಟ, ಕಲ್ಲಿನ ಗೋಡೆ. ಗೋಡೆ ಬುಡದ ಗಿಡ್ಡ ಹುಲ್ಲಿನಲ್ಲಿ ಹನ್ನೊಂದು ಗಿಡ ಇದ್ದವು, ಯಾವುದೂ ಗೇಣುದ್ದ ದಾಟಿರಲಿಲ್ಲ.

"ಇಷ್ಟಕ್ಕಾ ಇಷ್ಟು ದೂರ ಬಂದದ್ದು?" ಅಂದಳು. ಮಂಡಿ ಊರಿ ನೋಡು ಅಂದೆ. ಉಗುರಿನಷ್ಟು ಹೂವು, ನಡುವೆ ಮಿಂಚುಳ್ಳಿ ರೆಕ್ಕೆಯಂಥ ನೀಲಿ, ಸುತ್ತ ತೆಳುವಾದ ಹಳದಿ ಗೆರೆ, ಅಂಚಿಗೆಲ್ಲ ಕಂಬಳಿಹುಳದ ಹಾಗೆ ಕಂದು ಕೂದಲು. ಆಮೇಲೆ ಅವಳೇ ಏಳಲಿಲ್ಲ.

ಈ ವೇಷವೆಲ್ಲ ಒಂದು ಕಣಜದ ಗಂಡಿಗಾಗಿ. ಗಂಡುಗಳು ಹೆಣ್ಣುಗಳಿಗಿಂತ ಮೊದಲೇ ಹೊರಬರುತ್ತವೆ, ಹೂವು ಹೆಣ್ಣಿನದ್ದೇ ವಾಸನೆ ಬಿಡುತ್ತದೆ, ಪಾಪ ಅವು ಬಂದು ಕೂಡಲು ನೋಡಿ, ತಲೆಗೆ ಪರಾಗದ ಎರಡು ಹಳದಿ ಮುದ್ದೆ ಅಂಟಿಸಿಕೊಂಡು ಹೋಗುತ್ತವೆ. ಮಕರಂದ ಒಂದು ಹನಿಯೂ ಇಲ್ಲ. ಇದನ್ನು ಮೊದಲು ಗಮನಿಸಿ ಬರೆದದ್ದು ಆಲ್ಜೀರಿಯಾದಲ್ಲಿದ್ದ ಪೂಯಾನ್ ಎಂಬ ನ್ಯಾಯಾಧೀಶರು, 1916ರಲ್ಲಿ. ಕೋರ್ಟಿನ ನಡುವೆ ಅಷ್ಟು ಪುರುಸೊತ್ತು ಹೇಗೆ ಸಿಕ್ಕಿತೋ!

ಫೋಟೋಗೆ ಒಂದು ಮಾತು. ನೇರ ಬಿಸಿಲಲ್ಲಿ ನೀಲಿ ಬಿಳಿಚಿ ಹೋಗುತ್ತದೆ, ಕೊಡೆ ಹಿಡಿಸಿ ನೆರಳಲ್ಲಿ ತೆಗೆದೆ. ಫೋಟೋ ತೆಗೆಯಲು ನೆಲದ ಮೇಲೆ ಮಲಗುವ ಮೊದಲು ಸುತ್ತ ನೋಡಿಕೊಳ್ಳಿ, ನಾನು ಒಂದು ಗಿಡದ ಎಲೆ ಮೊಣಕೈಯಲ್ಲಿ ಜಜ್ಜಿದೆ. ಕಿತ್ತು ಕುಂಡಕ್ಕೆ ಹಾಕುವ ಯೋಚನೆಯಂತೂ ಬೇಡ. ಇದರ ಬೀಜ ಮೊಳೆಯುವುದಕ್ಕೇ ಮಣ್ಣಿನ ಶಿಲೀಂಧ್ರ ಬೇಕು, ಅದು ಕುಂಡದಲ್ಲಿ ಎಲ್ಲಿಂದ ಬರಬೇಕು?

ಮೇ ಕೊನೆಗೆ ಅದೇ ಗೋಡೆ ಹತ್ತಿರ ಹೋದರೆ ಒಣಗಿದ ಎರಡು ಕಡ್ಡಿ ಬಿಟ್ಟು ಏನೂ ಇಲ್ಲ. ಗೆಡ್ಡೆ ಮಾತ್ರ ಒಳಗಿರುತ್ತದೆ, ಬೇಸಿಗೆ ಮುಗಿದು ಮಳೆ ಬಿದ್ದ ಮೇಲೆ ಎಲೆ ಬಿಡುತ್ತದೆ. ಈ ಸಲ ನವೆಂಬರ್‌ನಲ್ಲೇ ಹೋಗಿ ಎಲೆ ಎಣಿಸಿ ಬರುವ ಪ್ಲಾನ್ ಇದೆ.