ಪ್ರಯೋಗಾಲಯದ ತಂತ್ರಜ್ಞಾನಕ್ಕೆ ಕಂಪನಿ ಕಟ್ಟುವ ಮುನ್ನ

ಮೈಸೂರಿನಲ್ಲಿ 1950ರಲ್ಲಿ ಆರಂಭವಾದ, ಚೆಲುವಾಂಬ ಮ್ಯಾನ್ಷನ್‌ನಲ್ಲಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಸಿಎಫ್‌ಟಿಆರ್‌ಐನಂತಹ ಸಂಸ್ಥೆಯಲ್ಲಿ ರೂಪುಗೊಂಡ ತಂತ್ರಜ್ಞಾನವನ್ನು ಸ್ವಂತ ಕಂಪನಿಯ ಮೂಲಕ ಮಾರುಕಟ್ಟೆಗೆ ತರಬಯಸುವ ಸಂಶೋಧಕರು, ಅದರ ಒಡೆತನ ಯಾರದೆಂಬುದನ್ನು ಮೊದಲು ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು. ಸಾಮಾನ್ಯವಾಗಿ ಅದು ಸಂಸ್ಥೆಯದೇ ಆಗಿರುತ್ತದೆ. ಕಂಪನಿಗೆ ಸಿಗುವುದು ಬಳಕೆಯ ಪರವಾನಗಿ. ಪೇಟೆಂಟ್ ಅರ್ಜಿ ಸಲ್ಲಿಸುವ ಮುನ್ನವೇ ಪ್ರಬಂಧ ಪ್ರಕಟಿಸಿದರೆ ಹಕ್ಕು ಕೈತಪ್ಪಬಹುದು. ಪೇಟೆಂಟಿನ ಅವಧಿಯಾದ 20 ವರ್ಷಗಳನ್ನು ಅರ್ಜಿಯ ದಿನದಿಂದಲೇ ಎಣಿಸುವುದರಿಂದ, ನಂತರದ ವಿಳಂಬವೂ ದುಬಾರಿಯೇ.

ಒಪ್ಪಂದದಲ್ಲಿ ಮುಂಗಡ ಶುಲ್ಕ ಮತ್ತು ರಾಯಧನದ ಜೊತೆಗೆ, ಮುಂದೆ ಕಂಪನಿ ಮಾಡುವ ಸುಧಾರಣೆಗಳು ಯಾರಿಗೆ ಸೇರುತ್ತವೆ ಎಂಬುದನ್ನು ತಪ್ಪದೆ ಬರೆಸಿ. ಹೂಡಿಕೆದಾರರು ಇದನ್ನು ವಿಚಾರಿಸದೆ ಬಿಡುವುದಿಲ್ಲ. ನೌಕರಿಯಲ್ಲಿದ್ದುಕೊಂಡೇ ಷೇರು ಹೊಂದುವವರು ಸಂಸ್ಥೆಯ ಅನುಮತಿ ಪಡೆಯಬೇಕು.

ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವುದು ಉತ್ಪಾದನೆಯ ಪ್ರಮಾಣ ಹೆಚ್ಚಿಸುವ ಹಂತ. ಮಂಡ್ಯದ ಬೆಲ್ಲವನ್ನು ಪುಡಿಯಾಗಿಸುವ ವಿಧಾನವನ್ನೇ ತೆಗೆದುಕೊಳ್ಳಿ: ಪ್ರಯೋಗಾಲಯದಲ್ಲಿ ಉದುರುದುರಾಗಿದ್ದ ಪುಡಿ, ಆಲೆಮನೆ ಪಕ್ಕದ ಶೆಡ್ಡಿನಲ್ಲಿ ಮಳೆಗಾಲದ ತೇವ ಹೀರಿ ಗಂಟುಕಟ್ಟಬಹುದು. ಆದ್ದರಿಂದ ಬೇರೆಬೇರೆ ಆಲೆಮನೆಗಳ ಬೆಲ್ಲವನ್ನು ತಂದು, ಮಾರಾಟಕ್ಕೆ ಬಳಸುವ ಪೊಟ್ಟಣದಲ್ಲೇ ತುಂಬಿಟ್ಟು, ತೇವಾಂಶ ಹಾಗೂ ಬಾಳಿಕೆಯನ್ನು ಪರೀಕ್ಷಿಸಿದ ನಂತರವೇ ದೊಡ್ಡ ಯಂತ್ರಗಳಿಗೆ ಹಣ ಹೂಡಿ. ಆಹಾರೋತ್ಪನ್ನವಾದರೆ, ಮಾರಾಟಕ್ಕೆ ಮುನ್ನ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ನೋಂದಣಿ ಅಥವಾ ಪರವಾನಗಿ ಕಡ್ಡಾಯ.