ರುಚಿ ನೋಡಿ, ಆದರೆ ತಕ್ಷಣ ಗ್ರೂಪಿಗೆ ಹಾಕಬೇಡಿ

ಇಂಗ್ಲೆಂಡಿನ ಲೀಡ್ಸ್‌ಗೆ ಬಂದ ಮೊದಲ ವರ್ಷವೇ ಜೇನು ಮಾರುವ ಒಬ್ಬ ಮುದುಕರನ್ನು ನಾನು ಕಳ್ಳ ಅಂದುಕೊಂಡೆ. ಬಾಯಿಬಿಟ್ಟು ಅನ್ನಲಿಲ್ಲ. ಆದರೆ ಬಾಟಲಿಯನ್ನು ಅವರ ಮೇಜಿನ ಮೇಲೆ ಕುಕ್ಕಿದ ರೀತಿಯಲ್ಲೇ ಎಲ್ಲ ಇತ್ತು.

ಶನಿವಾರದ ರೈತರ ಸಂತೆಯಲ್ಲಿ 7 ಪೌಂಡ್ ಕೊಟ್ಟು ತಂದ ಜೇನು ಅದು. ಎರಡು ವಾರ ಬಿಟ್ಟು ಮುಚ್ಚಳ ತೆಗೆದರೆ ಬೆಳ್ಳಗೆ, ಗಟ್ಟಿಯಾಗಿ, ಥೇಟ್ ಡಾಲ್ಡಾ. ಜೇನು ಹರಳುಗಟ್ಟಿದರೆ ಸಕ್ಕರೆ ಪಾಕ ಬೆರೆಸಿದ್ದಾರೆ ಅಂತ ನಮ್ಮ ಕಡೆ ಮಕ್ಕಳಿಗೂ ಗೊತ್ತು, ಅಲ್ವಾ? ಅಮ್ಮನಿಗೆ ಫೋನ್ ಮಾಡಿದೆ. "ಸಕ್ಕರೆನೇ ಕಣೇ, ವಾಪಸ್ ಕೊಡು" ಅಂತ ಶಿವಮೊಗ್ಗದಿಂದಲೇ ತೀರ್ಪು ಬಂತು.

ಆ ಮುದುಕರು ಸಿಟ್ಟಾಗಲಿಲ್ಲ. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ರೈಲಿನ ಕಿಟಕಿಯಿಂದ ಕಾಣುವ ಹಳದಿ ಹೊಲ ನೋಡಿದ್ದೀರಲ್ಲ, ಅದು ರೇಪ್‌ಸೀಡ್, ನಮ್ಮ ಸಾಸಿವೆಯ ದಾಯಾದಿ. ಆ ಹೂವಿನ ರಸದಲ್ಲಿ ಗ್ಲುಕೋಸ್ ಜಾಸ್ತಿ. ಹಾಗಾಗಿ ಜೇನು ಕೆಲವೇ ವಾರದಲ್ಲಿ ಗಟ್ಟಿಯಾಗುತ್ತದೆ. ಬೇಗ ತೆಗೆಯದಿದ್ದರೆ ತಟ್ಟಿಯಲ್ಲೇ ಕಲ್ಲಾಗುತ್ತದಂತೆ. ಇಷ್ಟು ಹೇಳಿ ಅವರು ಇನ್ನೊಂದು ಬಾಟಲಿ ತೆಗೆದು ಮಗುಚಿ ಹಿಡಿದರು. ಒಳಗಿದ್ದದ್ದು ಅಲ್ಲಾಡಲಿಲ್ಲ. ಚಮಚ ಹಾಕಿ ತಿರುವಿದರು, ನೀರಾಗಿ ಹರಿಯಿತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಜೆಲ್ಲಿ. ಅದು ಹೆದರ್ ಜೇನು. ಆಗಸ್ಟಿನಲ್ಲಿ ಯಾರ್ಕ್‌ಶೈರ್‌ನ ಗುಡ್ಡಗಳಲ್ಲಿ ನೇರಳೆ ಬಣ್ಣದ ಹೆದರ್ ಹೂ ಬಿಟ್ಟಾಗ ಪೆಟ್ಟಿಗೆಗಳನ್ನೇ ಅಲ್ಲಿಗೆ ಸಾಗಿಸಿ ತೆಗೆಯುವ ಜೇನು. ನಾಲಿಗೆಗಿಟ್ಟರೆ ಬೆಲ್ಲದ ಪಾಕ ಒಂಚೂರು ಜಾಸ್ತಿ ಕಾದಾಗ ಬರುತ್ತದಲ್ಲ, ಆ ಸಣ್ಣ ಕಹಿ.

ನಾನು ತೆಪ್ಪಗೆ ಎರಡು ಬಾಟಲಿ ತಗೊಂಡು ಬಂದೆ. ಆದರೆ ಅಷ್ಟರಲ್ಲಿ ಕನ್ನಡದವರ ವಾಟ್ಸಾಪ್ ಗ್ರೂಪಿಗೆ "ಆ ಅಂಗಡಿ ಜೇನು ಕಲಬೆರಕೆ, ಹುಷಾರು" ಅಂತ ಹಾಕಿ ಆಗಿತ್ತು! ತಪ್ಪೊಪ್ಪಿಕೊಂಡು ಇನ್ನೊಂದು ಮೆಸೇಜ್ ಹಾಕಿದೆ. ಮೊದಲನೆಯದನ್ನು ಎಲ್ಲರೂ ಓದಿದ್ದರು, ಎರಡನೆಯದನ್ನು ಯಾರೂ ಓದಲಿಲ್ಲ.

ಹೊಸದಾಗಿ ಬಂದವರಿಗೆ ಬರೆಯಿರಿ ಅಂದರೆ ಜನ ಕಾಗದಪತ್ರದ ವಿಷಯ ನಿರೀಕ್ಷಿಸುತ್ತಾರೆ. ಜಿಪಿ, ಅಂದರೆ ಏರಿಯಾದ ಡಾಕ್ಟರ ಹತ್ತಿರ ಹೆಸರು ಬರೆಸಿ, ಬ್ಯಾಂಕ್ ಖಾತೆ ತೆಗೆಯಿರಿ, ಊರಾಡಳಿತದ ಕೌನ್ಸಿಲ್ ಟ್ಯಾಕ್ಸ್ ಕಟ್ಟಿ. ಆಯ್ತು. ಉಳಿದದ್ದನ್ನು ಆಫೀಸಿನವರು ಹೇಳಿಕೊಡುತ್ತಾರೆ. ಸಣ್ಣ ಉತ್ಪಾದಕರ ಸಾಮಾನನ್ನು ಹೇಗೆ ತಿನ್ನಬೇಕು, ಹೇಗೆ ಇನ್ನೊಬ್ಬರಿಗೆ ಹೇಳಬೇಕು ಅನ್ನೋದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಇಲ್ಲಿ ರೈತರ ಸಂತೆ ಈ ರೂಪದಲ್ಲಿ ಶುರುವಾಗಿದ್ದು 1997ರಲ್ಲಿ, ಬಾತ್ ಊರಿನಲ್ಲಿ. ಬೆಳೆದವರು ಅಥವಾ ಮಾಡಿದವರೇ ಬಂದು ಮಾರಬೇಕು ಅನ್ನೋದು ಅದರ ಕಟ್ಟು. ಹಾಗಾಗಿ ಪ್ರಶ್ನೆ ಕೇಳಿ, ಅದಕ್ಕೇ ಅವರು ಅಲ್ಲಿ ನಿಂತಿರೋದು. ಚೌಕಾಸಿ ಮಾತ್ರ ಬೇಡ. ಮೊದಲ ತಿಂಗಳು ನಾನು ಒಂದು ಬ್ರೆಡ್ಡಿಗೆ "ಎರಡು ತಗೊಂಡ್ರೆ ಎಷ್ಟಕ್ಕೆ ಕೊಡ್ತೀರಿ" ಅಂದಿದ್ದೆ. ಆತ ನಿಜವಾಗಿಯೂ ಗೊಂದಲಗೊಂಡು "ಎರಡರ ಬೆಲೆಗೆ" ಅಂದ.

ರುಚಿ ನೋಡೋದು ನಮಗೇನು ಹೊಸದಲ್ಲ. ಬಸವನಗುಡಿ ಕಡಲೆಕಾಯಿ ಪರಿಷೆಯಲ್ಲಿ ನಾಲ್ಕು ಗುಡ್ಡೆಯಿಂದ ಒಂದೊಂದು ಹಿಡಿ ಎತ್ತಿ, ಸಿಪ್ಪೆ ಅಲ್ಲೇ ಉದುರಿಸಿ, ಐದನೆಯವನ ಹತ್ತಿರ ಅರ್ಧ ಸೇರು ಕೊಳ್ಳುವವರು ನಾವು. ಇಲ್ಲಿ ಒಂದು ಕಡ್ಡಿ, ಒಂದು ಚೂರು, ಅಷ್ಟೇ. ತಿಂದು "ಥ್ಯಾಂಕ್ಯೂ" ಅಂತ ಮುಂದೆ ಹೋದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇದು ನನಗೆ ಅರ್ಥವಾಗಲು ಒಂದು ವರ್ಷ ಬೇಕಾಯಿತು. ಅಲ್ಲಿಯವರೆಗೆ ತಿಂದ ಋಣಕ್ಕೆ ಕೊಂಡು, ಫ್ರಿಜ್‌ನಲ್ಲಿ ಹನ್ನೊಂದು ಬಾಟಲಿ ಸಿಹಿ ಚಟ್ನಿ ಸೇರಿತ್ತು. ದಾಕ್ಷಿಣ್ಯಕ್ಕೆ ಬಸುರಾದ ಗಾದೆ ನಿಮಗೆ ಗೊತ್ತೇ ಇದೆ. ಮತ್ತೆ ಆ ಚಟ್ನಿ ನಮ್ಮ ಚಟ್ನಿಯಲ್ಲ. ಹಣ್ಣು, ಈರುಳ್ಳಿ, ವಿನೆಗರ್, ಸಕ್ಕರೆ ಹಾಕಿ ಕುದಿಸಿದ್ದು. ಗೊಜ್ಜಿಗೆ ಹತ್ತಿರ ಅಂದುಕೊಂಡು ತಿನ್ನಿ, ಆಗ ಸೇರುತ್ತದೆ. ದೋಸೆಗೆ ಹಾಕಿಕೊಂಡರೆ ಎರಡೂ ಕೆಡುತ್ತವೆ.

ಬಾಟಲಿ ಮೇಲೆ ಕಪ್ಪು, ಚಿನ್ನದ ಬಣ್ಣದ 'ಗ್ರೇಟ್ ಟೇಸ್ಟ್' ಚೀಟಿ ಕಂಡರೆ ಅದಕ್ಕೊಂದು ಬೆಲೆ ಇದೆ. 1994ರಿಂದ ನಡೆಯುತ್ತಿರುವ ಬಹುಮಾನ ಅದು. ತೀರ್ಪುಗಾರರು ಹೆಸರು, ಪೊಟ್ಟಣ ಯಾವುದೂ ನೋಡದೆ ಬರೀ ರುಚಿ ನೋಡಿ ಒಂದರಿಂದ ಮೂರು ನಕ್ಷತ್ರ ಕೊಡುತ್ತಾರೆ. ಆದರೆ ಸ್ಪರ್ಧೆಗೆ ದುಡ್ಡು ಕಟ್ಟಿ ಸೇರಬೇಕು. ಆ ಜೇನಿನ ಮುದುಕರ ಹತ್ತಿರ ಯಾವ ನಕ್ಷತ್ರವೂ ಇರಲಿಲ್ಲ.

ಈಗ ಚೀಸ್ ವಿಷಯ. ಸಸ್ಯಾಹಾರಿಗಳು ಇದನ್ನು ಎರಡು ಸಲ ಓದಿ. ಹಾಲು ಒಡೆಯಲು ಹಾಕುವ ರೆನೆಟ್ ಮೊದಲಿನಿಂದಲೂ ಕರುವಿನ ಹೊಟ್ಟೆಯ ಪದರದಿಂದ ತೆಗೆದದ್ದು. ದೊಡ್ಡ ಸೂಪರ್‌ಮಾರ್ಕೆಟ್ಟಿನ ಸಾಮಾನ್ಯ ಚೆಡ್ಡರ್ ಈಗ ಬಹುಪಾಲು ಸಸ್ಯಾಹಾರಿ ರೆನೆಟ್‌ನದು, ಮೇಲೆ ಬರೆದೂ ಇರುತ್ತದೆ. ಹಳೇ ಪದ್ಧತಿಯಲ್ಲಿ ಮಾಡುವ ಸಣ್ಣ ಫಾರ್ಮಿನವರೇ ಕರುವಿನದ್ದು ಬಳಸೋದು ಜಾಸ್ತಿ. ನಾನು ಅಂದುಕೊಂಡಿದ್ದು ಉಲ್ಟಾ. ಹಳ್ಳಿಯದು, ಕೈಯಲ್ಲಿ ಮಾಡಿದ್ದು, ಅಂದಮೇಲೆ ಶುದ್ಧ ಅಂತ. ಸಾಲದ್ದಕ್ಕೆ ಬಟ್ಟೆ ಸುತ್ತಿ ಮಾಗಿಸುವ ಒಳ್ಳೆಯ ಚೆಡ್ಡರ್‌ಗೆ ಆ ಬಟ್ಟೆ ಅಂಟಿಸೋದು ಸಾಮಾನ್ಯವಾಗಿ ಹಂದಿ ಕೊಬ್ಬಿನಲ್ಲಿ.

ಒಂದು ಯುಗಾದಿಗೆ ಎಲ್ಲರೂ ಸೇರಿದ್ದೆವು. ಅಂಥದ್ದೇ ಒಂದು ತುಂಡು ಹೆಮ್ಮೆಯಿಂದ ತಟ್ಟೆಯಲ್ಲಿಟ್ಟು ಹಂಚಿದೆ. ಮಗನನ್ನು ನೋಡಲು ಊರಿನಿಂದ ಬಂದಿದ್ದ ಒಬ್ಬ ಅಜ್ಜಿ, ಈರುಳ್ಳಿಯನ್ನೂ ಮುಟ್ಟದವರು, ಎರಡು ಚೂರು ತಿಂದು "ಹಳೇ ಬೆಣ್ಣೆ ಥರ ಇದೆ, ಚೆನ್ನಾಗಿದೆ" ಅಂದರು. ಅಡುಗೆಮನೆಗೆ ಬಂದು ಪೊಟ್ಟಣ ಓದಿದೆ. ಅವರಿಗೆ ನಾನು ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ಸರಿಯೋ ತಪ್ಪೋ ನನಗೆ ತೀರ್ಮಾನವಾಗಿಲ್ಲ. ಈಗ ಬೇರೆಯವರಿಗೆ ಚೀಸ್ ಹೇಳುವ ಮೊದಲು ಮಾರುವವರನ್ನು ಕೇಳೇ ಕೇಳುತ್ತೇನೆ: "ರೆನೆಟ್ ಯಾವುದು? ಬಟ್ಟೆಗೆ ಏನು ಸವರಿದ್ದೀರಿ?" ಅವರಿಗೆ ಬೇಸರವಿಲ್ಲ, ಖುಷಿಯಾಗಿ ಹೇಳುತ್ತಾರೆ. ಗಿಡದ ಎಲೆ ಸುತ್ತಿದ ಕಾರ್ನಿಷ್ ಯಾರ್ಗ್ ಅಂತ ಒಂದಿದೆ, ಸಸ್ಯಾಹಾರಿ ರೆನೆಟ್‌ನದು. ಸುತ್ತಿರೋದು ತುರಿಕೆ ಸೊಪ್ಪಿನ ಜಾತಿಯ ನೆಟಲ್ ಎಲೆ. ಹೆದರಬೇಡಿ, ತುರಿಸುವುದಿಲ್ಲ. ಶುರು ಮಾಡಲು ಒಳ್ಳೆಯದು. ನಮ್ಮ ಯಾರ್ಕ್‌ಶೈರ್‌ನ ವೆನ್ಸ್‌ಲೀಡೇಲ್ ಚೀಸನ್ನು ಇಲ್ಲಿಯವರು ಹಣ್ಣಿನ ಕೇಕಿನ ಜೊತೆ ತಿನ್ನುತ್ತಾರೆ. ನಗಬೇಡಿ, ಉಪ್ಪಿಟ್ಟಿಗೆ ಬಾಳೆಹಣ್ಣು ಕಚ್ಚಿಕೊಳ್ಳುವವರು ನಮ್ಮಲ್ಲಿಲ್ಲವೇ?

ಹಾಲು, ತುಪ್ಪದ ಕಥೆ ಚಿಕ್ಕದು, ಆದರೆ ನೋವಿನದು. ಭಾರತದಿಂದ ಹಾಲಿನ ಪದಾರ್ಥ ತರುವ ಹಾಗಿಲ್ಲ. ತುಪ್ಪ, ಪೇಡ ಎರಡೂ ಅದರಲ್ಲಿ ಬರುತ್ತವೆ. ಅಮ್ಮ ವೀಳ್ಯದೆಲೆ ಹಾಕಿ ಕಾಯಿಸಿ ಕೊಟ್ಟ ತುಪ್ಪದ ಡಬ್ಬಿ ವಿಮಾನ ನಿಲ್ದಾಣದ ಕಸದ ಡ್ರಮ್ಮಿಗೆ ಹೋಯಿತು. ಬಿದ್ದ ಸದ್ದು ಇನ್ನೂ ಕಿವಿಯಲ್ಲಿದೆ. ಸರಿ, ನಾನೇ ಕಾಯಿಸುತ್ತೇನೆ ಅಂತ ಬೆಣ್ಣೆ ತಂದೆ. ಉಪ್ಪು ಹಾಕಿದ ಬೆಣ್ಣೆ! ತಳದ ಗಸಿಗೆ ಬಿಸಿ ಅನ್ನ ಕಲಸಿ ಮಗಳ ಬಾಯಿಗಿಟ್ಟರೆ ತೂ ಅಂತ ಉಗಿದಳು. ಆಮೇಲೆ ಉಪ್ಪಿಲ್ಲದ ಬೆಣ್ಣೆ ತಂದರೂ ಆ ಘಮ ಬರಲಿಲ್ಲ. ಕಾರಣ ಸರಳ. ನಮ್ಮದು ಮೊಸರು ಕಡೆದು ತೆಗೆದ ಬೆಣ್ಣೆ. ಇಲ್ಲಿಯ ಮಾಮೂಲಿ ಬೆಣ್ಣೆ ಹುಳಿ ಬರದ ಕೆನೆಯದು. ಸಣ್ಣ ಡೈರಿಯವರು ಕೆನೆಗೆ ಹೆಪ್ಪು ಹಾಕಿ ಮಾಡುವ 'ಕಲ್ಚರ್ಡ್' ಬೆಣ್ಣೆ ಕೇಳಿ ತನ್ನಿ, ತುಪ್ಪ ಕಾಯಿಸಿ, ಪಕ್ಕದ ಮನೆಯವರಿಗೂ ವಾಸನೆ ಹೋಗುತ್ತದೆ. ಹಾಲು ಬೇಕಾದರೆ ಜರ್ಸಿ, ಗರ್ನ್‌ಸಿ ಹಸುಗಳ 'ಗೋಲ್ಡ್ ಟಾಪ್' ಕೇಳಿ. ಅದರಲ್ಲೂ ಹೋಮೊಜಿನೈಸ್ ಮಾಡದ್ದನ್ನು, ಅಂದರೆ ಕೆನೆಯನ್ನು ಹಾಲಿನಲ್ಲೇ ಬೆರೆಸಿಬಿಡದ್ದನ್ನು ನೋಡಿ. ಬಾಟಲಿ ಕತ್ತಿನಲ್ಲಿ ಹಳದಿ ಕೆನೆ ನಿಂತಿರುತ್ತದೆ. ಮೊದಲ ಸಲ ನೋಡಿ ನಾನು ಬೆರಳು ಹಾಕಿ ತಿಂದುಬಿಟ್ಟೆ, ನಲವತ್ತರ ಹೆಂಗಸು.

ರುಬಾರ್ಬ್ ಅನ್ನೋ ಹುಳಿ ದಂಟಿನ ಬಗ್ಗೆ ಹೇಳದಿದ್ದರೆ ಲೀಡ್ಸ್‌ನವಳು ಅಂತ ಹೇಳಿಕೊಳ್ಳುವ ಹಾಗಿಲ್ಲ. ವೇಕ್‌ಫೀಲ್ಡ್ ಸುತ್ತಲಿನ ಈ ಜಾಗಕ್ಕೆ ರುಬಾರ್ಬ್ ತ್ರಿಕೋನ ಅಂತಲೇ ಹೆಸರು. ಗೆಡ್ಡೆಯನ್ನು ಎರಡು ವರ್ಷ ಹೊಲದಲ್ಲಿ ಬೆಳೆಸಿ, ಹಿಮ ತಿನ್ನಿಸಿ, ಆಮೇಲೆ ಬೆಚ್ಚಗಿನ ಕತ್ತಲೆ ಶೆಡ್ಡಿಗೆ ತರುತ್ತಾರೆ. ಬೆಳಕು ಬಿದ್ದರೆ ದಂಟು ಒರಟಾಗುತ್ತದೆ ಅಂತ ಮೊಂಬತ್ತಿ ಹಚ್ಚಿಕೊಂಡು ಕೀಳುತ್ತಾರೆ. ಮೌನವಾಗಿ ನಿಂತರೆ ಮೊಗ್ಗು ಒಡೆಯುವ ಟಪ್ ಟಪ್ ಕೇಳುತ್ತದೆ. ಅದು ಜನವರಿಯಿಂದ ಮಾರ್ಚ್‌ವರೆಗೆ ಸಿಗುವುದು.

ಬೇಸಿಗೆಯಲ್ಲಿ ಪಕ್ಕದ ಮನೆಯವರು ತಮ್ಮ ಕೈತೋಟದ್ದು ಒಂದು ಕಟ್ಟು ಕೊಟ್ಟರು, ಎಲೆ ಸಮೇತ. ನಮ್ಮ ಮನೆಯವರು ಹುಬ್ಬಳ್ಳಿಯವರು. ಕೆಂಪು ದಂಟು, ಹುಳಿ ರುಚಿ ನೋಡಿ "ಪುಂಡಿಪಲ್ಯ!" ಅಂತ ಕಣ್ಣರಳಿಸಿದರು. ಜೋಳದ ರೊಟ್ಟಿಗೆ ಹಿಟ್ಟು ಕಲಸಿದೆ. ಎಲೆಯನ್ನೆಲ್ಲ ಸಣ್ಣಗೆ ಹೆಚ್ಚಿ ಬಾಣಲೆಗೆ ಹಾಕುವಾಗ ಅದೇ ಪಕ್ಕದ ಮನೆಯಾಕೆ ಬುಟ್ಟಿ ವಾಪಸ್ ಕೇಳಲು ಹಿಂಬಾಗಿಲಿಗೆ ಬಂದರು. ಕಿರುಚಿದ್ದೇ ಕಿರುಚಿದ್ದು. ರುಬಾರ್ಬ್ ಎಲೆ ವಿಷ. ಆಕ್ಸಾಲಿಕ್ ಆಮ್ಲ ಬಹಳ. ದಂಟು ಮಾತ್ರ ತಿನ್ನಬೇಕು. ಸೊಪ್ಪು ಅಂದರೆ ಎಲ್ಲಾ ಸೊಪ್ಪೂ ಸಾರಿಗೆ ಆಗುತ್ತದೆ ಅನ್ನೋ ನಮ್ಮ ಜಾತಿಯ ಧೈರ್ಯ ಅವತ್ತು ಇಡೀ ಮನೆಯನ್ನು ಆಸ್ಪತ್ರೆಗೆ ಕಳಿಸುತ್ತಿತ್ತು. ದಂಟಿಗೆ ಬೆಲ್ಲ, ಮೆಂತ್ಯ, ಒಣಮೆಣಸಿನಕಾಯಿ ಹಾಕಿ ಗೊಜ್ಜು ಮಾಡಿ. ರೊಟ್ಟಿಗೂ ಸರಿ, ಅನ್ನಕ್ಕೂ ಸರಿ.

ನಮ್ಮವರೇ ಮಾಡುವುದನ್ನೂ ಹೇಳಬೇಕು. ಇಲ್ಲಿ ಮನೆಯಲ್ಲೇ ಹೋಳಿಗೆ, ಹುಳಿಪುಡಿ, ಚಟ್ನಿಪುಡಿ ಮಾಡಿ ಮಾರುವ ಹೆಣ್ಣುಮಕ್ಕಳು ಬೇಕಾದಷ್ಟಿದ್ದಾರೆ. ಅವರೂ ಸಣ್ಣ ಉತ್ಪಾದಕರೇ, ಕೊಳ್ಳಿ. ನೀವೇ ಶುರು ಮಾಡುವುದಾದರೆ 28 ದಿನ ಮೊದಲು ಕೌನ್ಸಿಲ್ಲಿಗೆ ನೋಂದಾಯಿಸಿ, ಪುಕ್ಕಟೆ. ಅದಕ್ಕಿಂತ ಮುಖ್ಯ, ನನ್ನ ಹಾಗೆ ಮಾಡಬೇಡಿ. ಮಗಳ ಶಾಲೆಯ ಮೇಳದಲ್ಲಿ ಚಟ್ನಿಪುಡಿ ಇಟ್ಟಿದ್ದೆ. ಒಬ್ಬ ತಾಯಿ "ಇದರಲ್ಲಿ ಸಾಸಿವೆ ಇದೆಯಾ?" ಅಂದರು. ಇಲ್ಲ ಅಂದೆ. ಸುಳ್ಳಲ್ಲ, ನನ್ನ ತಲೆಯಲ್ಲಿ ನಿಜವಾಗಿಯೂ ಇರಲಿಲ್ಲ. ಕೊಬ್ಬರಿ, ಕಡಲೆಕಾಯಿ, ಎಳ್ಳು, ಮೆಣಸಿನಕಾಯಿ, ಹುಣಸೆಹಣ್ಣು ಇದೆ. ಸಾಸಿವೆ ಒಗ್ಗರಣೆಯಲ್ಲಿದೆ, ಒಗ್ಗರಣೆ ಒಂದು ಸಾಮಾನಾ? ಆಕೆ ಪೊಟ್ಟಣ ಬೆಳಕಿಗೆ ಹಿಡಿದು ಕಪ್ಪು ಕಾಳು ತೋರಿಸಿದರು. ಅವರ ಮಗನಿಗೆ ಸಾಸಿವೆ ಆಗುವುದಿಲ್ಲ. ಇಲ್ಲಿ ಕಾನೂನಿನ ಅಲರ್ಜಿ ಪಟ್ಟಿಯಲ್ಲಿ 14 ಪದಾರ್ಥಗಳಿವೆ. ಸಾಸಿವೆ, ಎಳ್ಳು, ಕಡಲೆಕಾಯಿ ಮೂರೂ ಅದರಲ್ಲಿವೆ. ಅಂಗಡಿಯ ಇಂಗಿನಲ್ಲಿ ಎಷ್ಟೋ ಸಲ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಅದೂ ಪಟ್ಟಿಯಲ್ಲಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೊನೆಗೆ ಒಂದು ಶಿಫಾರಸು, ಇದನ್ನು ಧೈರ್ಯವಾಗಿ ಗ್ರೂಪಿಗೂ ಹಾಕುತ್ತೇನೆ. ಬ್ರ್ಯಾಮ್ಲಿ ಸೇಬು. ಹಸಿರಾಗಿ, ಸೊಟ್ಟಗೆ, ಮುಷ್ಟಿಗಿಂತ ದೊಡ್ಡದಾಗಿರುತ್ತದೆ. ನಾಟಿಂಗ್‌ಹ್ಯಾಮ್‌ಶೈರ್‌ನ ಸೌತ್‌ವೆಲ್‌ನಲ್ಲಿ 1809ರಲ್ಲಿ ಮೇರಿ ಆ್ಯನ್ ಬ್ರೇಲ್ಸ್‌ಫರ್ಡ್ ಅನ್ನೋ ಹುಡುಗಿ ನೆಟ್ಟ ಬೀಜದಿಂದ ಬಂದ ಮರ. ಹೆಸರು ಬಂದಿದ್ದು ಮಾತ್ರ ಆಮೇಲೆ ಆ ಮನೆ ಕೊಂಡ ಕಟುಕ ಮ್ಯಾಥ್ಯೂ ಬ್ರ್ಯಾಮ್ಲಿಗೆ. ಹಸಿ ಕಚ್ಚಿದರೆ ಹಲ್ಲು ಚುಳ್ ಅನ್ನುತ್ತದೆ. ಇಲ್ಲಿಯವರು ಸಕ್ಕರೆ ಸುರಿದು ಬೇಯಿಸುತ್ತಾರೆ. ನೀವು ತುರಿಯಿರಿ. ಸಾಸಿವೆ, ಕಡಲೆಬೇಳೆ, ಕಡಲೆಕಾಯಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಶಿನ ಒಗ್ಗರಣೆಗೆ ಹಾಕಿ, ತುರಿ ಸೇರಿಸಿ ಎರಡೇ ನಿಮಿಷ. ಜಾಸ್ತಿ ಬಿಟ್ಟರೆ ಗಂಜಿಯಾಗುತ್ತದೆ. ಒಲೆ ಆರಿಸಿ ಕಾಯಿತುರಿ ಹಾಕಿ ಅನ್ನ ಕಲಸಿ. ಮಾವಿನಕಾಯಿ ಚಿತ್ರಾನ್ನ ಸಿದ್ಧ. ಹನ್ನೆರಡು ವರ್ಷದಿಂದ ನಮ್ಮ ಮನೆಯಲ್ಲಿ ಅದಕ್ಕೆ ಅದೇ ಹೆಸರು. ಮಾವಿನಕಾಯಿ ಇಲ್ಲ ಅಂತ ನಾವು ಯಾರೂ ಜ್ಞಾಪಿಸಿಕೊಳ್ಳುವುದೂ ಇಲ್ಲ.

ಹೋದ ವರ್ಷ ಈಸ್ಟರ್ ರಜೆಗೆ ಶಿವಮೊಗ್ಗಕ್ಕೆ ಹೋಗಿದ್ದೆವು. ಹಿತ್ತಿಲಿನ ಮರದ ಕಾಯಿ ಕಿತ್ತು, ತುರಿದು, ಅಮ್ಮ ಮೊಮ್ಮಗಳಿಗೆ ಅಂತ ಬಾಳೆಲೆಯಲ್ಲಿ ಚಿತ್ರಾನ್ನ ಬಡಿಸಿದಳು. ಮಗಳು ಒಂದು ತುತ್ತು ತಿಂದಳು. ಇನ್ನೊಂದು ತುತ್ತು ತಿಂದಳು. ಎಲೆ ನೋಡಿದಳು, ನನ್ನ ಮುಖ ನೋಡಿದಳು.

"ಚೆನ್ನಾಗಿದೆ ಅಜ್ಜಿ. ಆದರೆ ಇದಕ್ಕೆ ಸೇಬು ಯಾಕೆ ಹಾಕಿಲ್ಲ?"

ಅಮ್ಮನ ಕೈಯಲ್ಲಿ ಸೌಟು ಹಾಗೇ ನಿಂತಿತು. ನಾನು ಬ್ರ್ಯಾಮ್ಲಿ ಬಗ್ಗೆ ಹೇಳಿದೆ. ಸೌತ್‌ವೆಲ್, ಹುಡುಗಿ, ಬೀಜ, ಎಲ್ಲ. ಅವಳು ಕೇಳಿಸಿಕೊಂಡು ಇನ್ನೊಂದು ಸೌಟು ಬಡಿಸಿ, "ಅಷ್ಟು ಹುಳಿ ಇರುತ್ತಾ ಅದು? ಮುಂದಿನ ಸಲ ಬರುವಾಗ ಎರಡು ತಗೊಂಡು ಬಾ, ನೋಡೋಣ" ಅಂದಳು.